ತಲೆಗೆ ಪೆಟ್ಟಾದ ಮಗುವನ್ನು ಮತ್ತೆ ಎಲ್ಲರ ಜೊತೆ ಸೇರಿಸುವುದು ಹೇಗೆ: ಉಪ್ಪು ಬಡಿಸುವುದರಿಂದ ಶುರು ಮಾಡಿ

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೈಗೆ ಒಂದು ಡಿಸ್ಚಾರ್ಜ್ ಶೀಟ್ ಕೊಡುತ್ತಾರೆ. ಯಾವ ಮಾತ್ರೆ ಯಾವ ಹೊತ್ತಿಗೆ, ಮತ್ತೆ ತೋರಿಸಲು ಯಾವಾಗ ಬರಬೇಕು, ಫಿಸಿಯೋ ದಿನಕ್ಕೆ ಎಷ್ಟು ಸಲ, ಎಲ್ಲ ಇರುತ್ತದೆ. ಬೆಳಿಗ್ಗೆ ಎದ್ದು ಹಲ್ಲುಜ್ಜಿದ ಮೇಲೆ ರಾತ್ರಿ ಮಲಗುವ ತನಕ ಆ ಮಗು ಏನು ಮಾಡಿಕೊಂಡಿರಬೇಕು, ಯಾರ ಜೊತೆ ಇರಬೇಕು ಅನ್ನುವುದು ಮಾತ್ರ ಇರುವುದಿಲ್ಲ. ಅದನ್ನು ನಾವೇ ಕಂಡುಕೊಳ್ಳಬೇಕು. ನಾನು 6 ವರ್ಷದಿಂದ ತಪ್ಪು ಮಾಡಿ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಮೂಡಿಗೆರೆ ಹತ್ತಿರ. ಹುಡುಗನಿಗೆ 11 ವರ್ಷ ಇದ್ದಾಗ ಸ್ಕೂಟರಿನ ಹಿಂದಿನ ಸೀಟಿನಿಂದ ಬಿದ್ದ. "ಇಲ್ಲೇ ಪೇಟೆ ತನಕ ತಾನೇ" ಅಂತ ಹೆಲ್ಮೆಟ್ ಹಾಕಿಸಿರಲಿಲ್ಲ. ಈಗ ಅವನಿಗೆ 17. ನಡೆಯುತ್ತಾನೆ, ಮಾತಾಡುತ್ತಾನೆ, ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಆದರೆ ಬಲಗೈಯಲ್ಲಿ ಹಿಡಿತ ಕಡಿಮೆ, ಹೇಳಿದ್ದು ಮರೆತುಹೋಗುತ್ತದೆ, ಬೇಗ ಸುಸ್ತಾಗುತ್ತದೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಮೊದಲ ಒಂದೂವರೆ ವರ್ಷ ನಾನು ಎಲ್ಲದಕ್ಕೂ ಒಂದೇ ಮಾತು ಹೇಳಿದೆ. "ಪೂರ್ತಿ ಸರಿಯಾಗಲಿ, ಆಮೇಲೆ." ಶಾಲೆಗೆ ಪೂರ್ತಿ ಸರಿಯಾದ ಮೇಲೆ. ಮದುವೆ ಮನೆಗೆ ಪೂರ್ತಿ ಸರಿಯಾದ ಮೇಲೆ. ಪಕ್ಕದ ಮನೆ ಹುಡುಗರ ಜೊತೆ ಆಡೋಕೆ ಸರಿಯಾದ ಮೇಲೆ. ಹಾಗೆ ಹೇಳುತ್ತಾ ಹೇಳುತ್ತಾ ಅವನು ಟಿವಿ ಎದುರು ಕೂತೇ 13 ವರ್ಷದವನಾದ. ಜನರ ಜೊತೆ ಬೆರೆಯುತ್ತಾ, ಕೆಲಸ ಮಾಡುತ್ತಾ, ಮಾಡಿ ಕೆಡಿಸುತ್ತಾನೇ ಮಕ್ಕಳು ಸುಧಾರಿಸುವುದು ಅಂತ ನನಗೆ ಗೊತ್ತಾಗುವಷ್ಟರಲ್ಲಿ ಅಷ್ಟು ಹೊತ್ತು ಕಳೆದಿತ್ತು.

ಇದು ಅಪಘಾತಕ್ಕೆ ಮಾತ್ರ ಅಲ್ಲ. ಮೆಣಸು ಕೊಯ್ಯುವ ಏಣಿಯಿಂದ ಬಿದ್ದವರು, ಮೆದುಳು ಜ್ವರ ಬಂದು ಉಳಿದವರು, ನೀರಲ್ಲಿ ಮುಳುಗಿ ಬದುಕಿದವರು, ಗಡ್ಡೆ ಆಪರೇಷನ್ ಆದವರು, ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಒಂದು ಎಚ್ಚರಿಕೆ: ಮೊದಲ ವಾರಗಳಲ್ಲಿ ಎಷ್ಟು ಓಡಾಡಬಹುದು ಅನ್ನುವುದು ನಿಮ್ಮ ಡಾಕ್ಟರ್ ಹೇಳಬೇಕಾದ್ದು. ನಾನು ಬರೆಯುತ್ತಿರುವುದು ಅವರು "ಇನ್ನು ನಿಧಾನಕ್ಕೆ ಶುರು ಮಾಡಿ" ಅಂದ ನಂತರದ್ದು.

ಇದ್ದರೆ ಸಾಲದು

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅಂಗವೈಕಲ್ಯವನ್ನು ನೋಡುವ ಒಂದು ಚೌಕಟ್ಟು ಮಾಡಿತು. ಅದರಲ್ಲಿ ಮೈಯಲ್ಲಿ ಏನು ಕೆಟ್ಟಿದೆ ಅನ್ನುವುದರ ಜೊತೆಗೆ, ಆ ಮನುಷ್ಯ ಬದುಕಿನ ಕೆಲಸಗಳಲ್ಲಿ ಎಷ್ಟು ಸೇರಿಕೊಂಡಿದ್ದಾನೆ ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟರು. ಓದುವಾಗ ದೊಡ್ಡ ಮಾತು ಅನ್ನಿಸಿತು. ನನಗೆ ಅದು ತಲೆಗೆ ಹೋದದ್ದು ನಮ್ಮ ಭಾವನ ಮಗಳ ಮದುವೆಯಲ್ಲಿ.

ಅವನನ್ನು ಕರೆದುಕೊಂಡು ಹೋಗಿದ್ದೆ. ಮೂಲೆಯಲ್ಲಿ ಫ್ಯಾನ್ ಕೆಳಗೆ ಒಂದು ಕುರ್ಚಿ, ಕೈಗೆ ಮೊಬೈಲ್. ಬಂದವರೆಲ್ಲ ತಲೆ ಸವರಿ "ಪಾಪ, ಹೇಗಿದ್ದೀಯಪ್ಪ" ಅಂದು ಮುಂದೆ ಹೋದರು. ಮೂರು ಗಂಟೆ ಹಾಗೆ ಕೂತಿದ್ದ. ಮನೆಗೆ ಬಂದಾಗ ನಾನು "ಮದುವೆಗೆ ಹೋಗಿಬಂದ ನೋಡು" ಅಂತ ಖುಷಿಪಟ್ಟೆ. ಅವನು ಹೇಳಿದ್ದು, "ನಾನೆಲ್ಲಿ ಹೋದೆ? ನೀನು ಕೂರಿಸಿ ಬಂದೆ."

ಮುಂದಿನ ಸಲ, ಮನೆಯಲ್ಲೇ ಒಂದು ಪೂಜೆಯ ಊಟ. ಅವನಿಗೆ ಉಪ್ಪು ಬಡಿಸುವ ಕೆಲಸ ಕೊಟ್ಟೆವು. ಯಾಕೆ ಉಪ್ಪು ಅಂದರೆ, ಅದು ಬಿಸಿ ಇಲ್ಲ, ಚೆಲ್ಲಿದರೆ ಯಾರ ಬಟ್ಟೆಯೂ ಹಾಳಾಗುವುದಿಲ್ಲ, ಎಲೆ ಹಾಕಿದ ಕೂಡಲೇ ಬಡಿಸಿ ಮುಗಿಯುತ್ತದೆ, ಮತ್ತೆ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಪ್ರತಿಯೊಬ್ಬರ ಮುಂದೂ ಹೋಗಿ ಬಗ್ಗಬೇಕು. ಆದರೆ ಬಲಗೈಯಲ್ಲಿ ಚಮಚ ನಿಲ್ಲುವುದಿಲ್ಲ, ಎಡಗೈಯಲ್ಲಿ ಬಡಿಸಿದರೆ ಅಜ್ಜಿ ಬಿಡುವುದಿಲ್ಲ. ಅಜ್ಜಿಯ ಜೊತೆ ಜಗಳ ಮಾಡೋಕೆ ನನಗೆ ಶಕ್ತಿ ಇರಲಿಲ್ಲ. ಅವನಪ್ಪ ಹಳೆ ಸೈಕಲ್ ಹ್ಯಾಂಡಲಿನ ರಬ್ಬರ್ ಗ್ರಿಪ್ ಬಿಚ್ಚಿ ತೊಳೆದು ಚಮಚದ ಹಿಡಿಗೆ ಸಿಕ್ಕಿಸಿದರು. ದಪ್ಪ ಆಯಿತು, ಹಿಡಿತ ಸಿಕ್ಕಿತು. ಉಪ್ಪಿನ ಬಟ್ಟಲು ತಂಗಿ ಹಿಡಿದಳು, ಚಮಚ ಇವನದು. ಮೊದಲ ನಾಲ್ಕು ಎಲೆಗೆ ಉಪ್ಪು ಎಡತುದಿ ಬಿಟ್ಟು ನಡುವಿಗೆ ಬಿತ್ತು. ಐದನೆಯವರು ನಮ್ಮ ದೊಡ್ಡಪ್ಪ, "ಏ, ನನಗೆ ಬಿಪಿ ಮಾರಾಯ, ಇಷ್ಟು ಯಾಕೋ" ಅಂದರು. ಪಂಕ್ತಿ ಪೂರ್ತಿ ನಕ್ಕಿತು, ಇವನೂ ನಕ್ಕ. ಎರಡು ವರ್ಷದಲ್ಲಿ ಯಾರೋ ಒಬ್ಬರು ಅವನಿಗೆ ಬೈದದ್ದು ಅದೇ ಮೊದಲು.

ಆವತ್ತು ನಾವು ಮಾಡಿದ್ದು ಇಷ್ಟೇ. ಕೈ ಸರಿಯಾಗಲಿ ಅಂತ ಕಾಯಲಿಲ್ಲ. ಚಮಚ ಬದಲಿಸಿದೆವು, ಕೆಲಸವನ್ನು ಇಬ್ಬರಿಗೆ ಹಂಚಿದೆವು, ಕೆಡಿಸಿದರೂ ನಡೆಯುವ ಕೆಲಸ ಆರಿಸಿದೆವು. ಮುಂದೆ ಬರೆಯುವುದೆಲ್ಲ ಇದೇ ಲೆಕ್ಕ, ಬೇರೆ ಬೇರೆ ಜಾಗದಲ್ಲಿ.

ಮೊದಲು ಒಂದು ವಾರ ಸುಮ್ನೆ ಬರೆದಿಡಿ

ಒಂದು ಹಳೆ ನೋಟ್‌ಬುಕ್ ಸಾಕು. ಏನೂ ಬದಲಿಸಬೇಡಿ, ಒಂದು ವಾರ ಇದ್ದದ್ದನ್ನು ಬರೆಯಿರಿ. ಎಲ್ಲಿಗೆ ಹೋದ, ಯಾರ ಜೊತೆ, ಎಷ್ಟು ಹೊತ್ತು, ತಾನೇ ಏನಾದರೂ ಮಾಡಿದನಾ ಇಲ್ಲ ಸುಮ್ನೆ ಕೂತನಾ, ಯಾವಾಗ ಸಿಟ್ಟು ಬಂತು, ಯಾವಾಗ ತಾನಾಗಿ ಮಾತಾಡಿದ.

ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ನಾಲ್ಕು ಭಾಗ ಮಾಡಿಕೊಳ್ಳಿ: ಮನೆ, ಶಾಲೆ, ಊರು-ಕೇರಿ, ಮತ್ತೆ ಅಂಗಡಿ-ದುಡ್ಡು-ಬಸ್ಸಿನಂಥ ವ್ಯವಹಾರ. ಇದು ನನ್ನ ಸ್ವಂತದ್ದಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಕಲಿಸುತ್ತಿದ್ದ ಗ್ಯಾರಿ ಬೆಡೆಲ್ ಅನ್ನುವವರು ಮೆದುಳಿಗೆ ಪೆಟ್ಟಾದ ಮಕ್ಕಳಿಗೆ ಅಂತಲೇ 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ, ಅದರಲ್ಲಿ ಹೀಗೇ ನಾಲ್ಕು ಭಾಗ. ಅದರ ಒಂದು ಮಾತು ನನಗೆ ತುಂಬ ಹಿಡಿಸಿತು: ಅದೇ ವಯಸ್ಸಿನ ಬೇರೆ ಮಕ್ಕಳು ಮಾಡುವಷ್ಟು ನಿಮ್ಮ ಮಗು ಮಾಡುತ್ತಿದೆಯಾ ಅಂತ ಕೇಳುತ್ತದೆ. ಪೆಟ್ಟಾಗುವ ಮುಂಚಿನ ನಮ್ಮ ಮಗುವಿನ ಜೊತೆ ಹೋಲಿಸಿದರೆ ಬರೀ ಅಳು ಬರುತ್ತದೆ, ಆ ಮಗು 11ಕ್ಕೇ ನಿಂತುಹೋಗಿದೆ. ಪಕ್ಕದ ಮನೆಯ 13ರ ಹುಡುಗ ಏನು ಮಾಡುತ್ತಿದ್ದಾನೆ ನೋಡಿ. ಅವನು ಸೈಕಲ್‌ನಲ್ಲಿ ಹಾಲು ತರುತ್ತಾನೆ, ಕ್ರಿಕೆಟ್ ಆಡುತ್ತಾನೆ, ಅಮ್ಮನಿಗೆ ಎದುರುತ್ತರ ಕೊಡುತ್ತಾನೆ. ನಿಮ್ಮವನಿಗೆ ಇದರಲ್ಲಿ ಯಾವುದಕ್ಕೆ ಅವಕಾಶ ಸಿಕ್ಕಿದೆ?

ನಮ್ಮ ಆ ವಾರದ ಪುಸ್ತಕದಲ್ಲಿ 7 ದಿನದಲ್ಲಿ ಮನೆಯವರನ್ನು ಬಿಟ್ಟು ಬೇರೆಯವರ ಜೊತೆ ಮಾತಾಡಿದ್ದು ಎರಡು ಸಲ. ಒಬ್ಬರು ಫಿಸಿಯೋದವರು. ಇನ್ನೊಬ್ಬರು ಮೀಟರ್ ಓದಲು ಬಂದವರು.

ಒಂದೇ ಒಂದು ಆರಿಸಿ, ಅವನೇ ಆರಿಸಲಿ

ಪಟ್ಟಿ ನೋಡಿ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮಗುವನ್ನೇ ಕೇಳಿ. "ಏನು ಮಾಡಬೇಕು ಅನ್ನಿಸುತ್ತೆ" ಅಂತ ಕೇಳಿದರೆ ಅವನಿಗೆ ಉತ್ತರ ಬರುವುದಿಲ್ಲ, ಅಷ್ಟು ದೊಡ್ಡ ಪ್ರಶ್ನೆ ಇಂಥ ಮೆದುಳಿಗೆ ಭಾರ. ಎರಡು ಕೊಟ್ಟು ಒಂದು ಆರಿಸಲು ಹೇಳಿ. ಅಂಗಡಿಗೆ ಹೋಗ್ತೀಯಾ, ಕಣದಲ್ಲಿ ಕಾಫಿ ಕೈಯಾಡಿಸ್ತೀಯಾ? ನಮ್ಮವನು ಅಂಗಡಿ ಅಂದ.

ಅಂಗಡಿ ನಮ್ಮ ಮನೆಯಿಂದ ಇಳಿಜಾರಿನಲ್ಲಿ ಐದು ನಿಮಿಷ. ತರಬೇಕಾದ್ದು ಮೂರು ಸಾಮಾನು. ಅಷ್ಟಕ್ಕೆ ನಮಗೆ ಏಳು ವಾರ ಹಿಡಿಯಿತು, ಅದನ್ನು ಬಿಡಿಸಿ ಹೇಳುತ್ತೇನೆ, ಬೇರೆ ಯಾವ ಕೆಲಸಕ್ಕೂ ಹೀಗೇ ಮಾಡಬಹುದು.

ಮೊದಲು ನಾನೊಬ್ಬಳೇ ಹೋಗಿ ಅಂಗಡಿಯವರ ಹತ್ತಿರ ಮಾತಾಡಿದೆ. "ಅಣ್ಣ, ಏನು ಬೇಕು ಅಂತ ಒಂದು ಸಲ ಕೇಳಿ, ಆಮೇಲೆ ಮನಸ್ಸಲ್ಲೇ ಹತ್ತು ಎಣಿಸಿ. ಅಷ್ಟರಲ್ಲಿ ಹೇಳ್ತಾನೆ. ಮಧ್ಯ ಇನ್ನೊಂದು ಸಲ ಕೇಳಿದರೆ ಮೊದಲಿಂದ ಶುರು ಮಾಡಬೇಕಾಗುತ್ತೆ ಅವನಿಗೆ." ಇದು ಬಹಳ ಮುಖ್ಯ. ಪೆಟ್ಟಾದ ಮೆದುಳಿನಲ್ಲಿ ಮಾತು ಒಳಗೆ ಹೋಗಿ ಅರ್ಥವಾಗಿ ಹೊರಗೆ ಬರುವುದು ನಿಧಾನ. ಬುದ್ಧಿ ಇಲ್ಲ ಅಂತಲ್ಲ, ಹೊತ್ತು ಬೇಕು. ಮತ್ತೆ ಹೊತ್ತನ್ನೂ ಆರಿಸಿದೆವು: ಮಧ್ಯಾಹ್ನ ಮೂರು ಗಂಟೆ, ಅಂಗಡಿಯಲ್ಲಿ ಯಾರೂ ಇರುವುದಿಲ್ಲ. ಸಂಜೆ ತೋಟದ ಕೆಲಸ ಬಿಟ್ಟವರೆಲ್ಲ ಬಂದು ನಿಂತಾಗ ಹಿಂದಿನಿಂದ "ಬೇಗ ಹೇಳೋ" ಅಂತ ಒಂದು ಮಾತು ಬಂದರೂ ಮುಗಿಯಿತು.

ಮೊದಲ ವಾರ ನಾನು ಪಕ್ಕದಲ್ಲೇ ನಿಂತೆ, ಚೀಟಿ ಅವನು ಕೊಟ್ಟ. ಎರಡನೇ ವಾರ ಚೀಟಿ ಅವನೇ ಓದಿ ಹೇಳಿದ. ಮೂರನೇ ವಾರ ನಾನು ರಸ್ತೆಯ ಈಚೆ ನಿಂತೆ. ನಾಲ್ಕನೇ ವಾರ ಮನೆ ಗೇಟಿನಲ್ಲಿ. ಐದನೇ ವಾರ ಒಂದು ದಿನ ಹೋದವನು ಬರಲೇ ಇಲ್ಲ. ಓಡಿಹೋಗಿ ನೋಡಿದರೆ ಮೋರಿ ಕಟ್ಟೆ ಮೇಲೆ ಕೂತಿದ್ದಾನೆ, ಚೀಟಿ ಎಲ್ಲೋ ಬಿದ್ದಿದೆ, ಯಾಕೆ ಬಂದೆ ಅನ್ನುವುದೂ ಮರೆತಿದೆ, ಮನೆಗೆ ಬರಲು ನಾಚಿಕೆ. ಆ ದಿನ ನನಗೆ ಇದೆಲ್ಲ ಸಾಕು ಅನ್ನಿಸಿತ್ತು. ಮಾರನೇ ದಿನ ಚೀಟಿಯನ್ನು ಚೀಲದ ಹಿಡಿಗೇ ಪಿನ್ ಮಾಡಿದೆ. ಚೀಲ ಕೈಯಲ್ಲಿದ್ದರೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಏಳನೇ ವಾರ ಹೋಗಿ, ತಂದು, ಚಿಲ್ಲರೆ ಮಾತ್ರ ಅಲ್ಲೇ ಬಿಟ್ಟು ಬಂದ. ಚಿಲ್ಲರೆ ನಾನೂ ಎಷ್ಟೋ ಸಲ ಬಿಟ್ಟು ಬಂದಿದ್ದೇನೆ, ಬಿಡಿ.

ನೆನಪಿನ ಶಕ್ತಿ ಬೆಳೆಸುವ ಆಟ, ಆ್ಯಪ್ ಅಂತ ತುಂಬ ಜನ ಹೇಳುತ್ತಾರೆ. ಆಡಲಿ, ತಪ್ಪಿಲ್ಲ. ಆದರೆ ಆ್ಯಪಿನಲ್ಲಿ ಜಾಣನಾದರೆ ಆ್ಯಪಿನಲ್ಲೇ ಜಾಣನಾಗುತ್ತಾನೆ. ಅಂಗಡಿಗೆ ಹೋಗುವುದು ಬರಬೇಕಾದರೆ ಅಂಗಡಿಗೇ ಹೋಗಬೇಕು.

ತ್ರೀ ಫೇಸ್ ಕರೆಂಟಿನ ಲೆಕ್ಕ

ಸುಸ್ತು ಅನ್ನುವುದನ್ನು ನಾನು ತುಂಬ ದಿನ ಸೋಮಾರಿತನ ಅಂದುಕೊಂಡಿದ್ದೆ. ಒಂಬತ್ತು ಗಂಟೆ ಮಲಗಿ ಎದ್ದವನು ಹನ್ನೊಂದಕ್ಕೆ ಆಕಳಿಸುತ್ತಾನೆ ಅಂದರೆ ಇನ್ನೇನು ಅಂದುಕೊಳ್ಳುವುದು? ಇದು ಮೈಯ ಸುಸ್ತಲ್ಲ. ಮುಂಚೆ ತಾನಾಗಿ ನಡೆಯುತ್ತಿದ್ದ ಕೆಲಸಕ್ಕೂ ಈಗ ಮೆದುಳು ಜಾಸ್ತಿ ದುಡಿಯಬೇಕು, ಗದ್ದಲದಲ್ಲಿ ಒಬ್ಬರ ಮಾತು ಹಿಡಿಯುವುದಕ್ಕೂ ದುಡಿಯಬೇಕು, ಅದಕ್ಕೇ ಬೇಗ ಖಾಲಿಯಾಗುತ್ತದೆ.

ನಮ್ಮ ಕಡೆ ಪಂಪ್‌ಸೆಟ್ ಇರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತ್ರೀ ಫೇಸ್ ಇರುವುದು ದಿನದಲ್ಲಿ ಕೆಲವೇ ಗಂಟೆ. ಅದು ಇದ್ದಾಗ ಮೋಟರ್ ಹಾಕಿಬಿಡಬೇಕು, ಆ ಹೊತ್ತಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬಾರದು. ನಮ್ಮವನಿಗೆ ತ್ರೀ ಫೇಸ್ ಬೆಳಿಗ್ಗೆ ಎಂಟರಿಂದ ಹನ್ನೊಂದು, ಮಲಗಿ ಎದ್ದರೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಇದು ಕಾಣುತ್ತದೆ. ಗೆಳೆಯರು ಬರುವುದು, ಲೆಕ್ಕದ ಪಾಠ, ಅಂಗಡಿ, ಎಲ್ಲ ಆ ಹೊತ್ತಿಗೆ ಹಾಕಿ. ನಾನು ಮಾಡುತ್ತಿದ್ದದ್ದು ಉಲ್ಟಾ, ಒಳ್ಳೆ ಹೊತ್ತನ್ನೆಲ್ಲ ಸ್ನಾನ, ವ್ಯಾಯಾಮ, ಮಾತ್ರೆಗೆ ಖರ್ಚು ಮಾಡಿ ಉಳಿದದ್ದರಲ್ಲಿ ಗೆಳೆಯರು. ಸುಸ್ತಾದ ಮೇಲೆ ವಿಶ್ರಾಂತಿ ಕೊಟ್ಟರೆ ತಡವಾಯಿತು. ಸುಸ್ತಾಗುವ ಮುಂಚೆ, ಚೆನ್ನಾಗಿ ನಡೆಯುತ್ತಿರುವಾಗಲೇ ಹದಿನೈದು ನಿಮಿಷ ಕತ್ತಲ ಕೋಣೆಯಲ್ಲಿ ಮಲಗಿಸಿ.

ಶಾಲೆ

ಪೂರ್ತಿ ದಿನ ಕಳಿಸಲೇಬೇಕು ಅಂತ ಹಟ ಬೇಡ. ಎರಡು ಪೀರಿಯಡ್‌ನಿಂದ ಶುರು ಮಾಡಿ ಹೆಡ್‌ಮಾಸ್ಟರ್ ಒಪ್ಪಿದಂತೆ ಏರಿಸುತ್ತಾ ಹೋಗಿ. ಕಳಿಸುವ ಎರಡು ಪೀರಿಯಡ್‌ನಲ್ಲಿ ಒಂದು ಅವನಿಗೆ ಇಷ್ಟದ್ದಿರಲಿ, ಡ್ರಾಯಿಂಗೋ ಪಿಟಿಯೋ ಆದರೂ ಪರವಾಗಿಲ್ಲ. ಬಿಸಿಯೂಟದ ಹೊತ್ತು ಬಿಡಬೇಡಿ, ಮಕ್ಕಳು ಬೆರೆಯುವುದು ಅಲ್ಲೇ.

ಕಣ್ಣಿಗೆ ಕಾಣುವ ತೊಂದರೆ ಇಲ್ಲದಿದ್ದರೆ ಶಾಲೆಯಲ್ಲಿ ಕಷ್ಟ ಜಾಸ್ತಿ. ಒಬ್ಬ ಮೇಷ್ಟ್ರು ಇಡೀ ಕ್ಲಾಸಿನ ಎದುರು ನಮ್ಮವನಿಗೆ "ನಾಟಕ ಆಡ್ತೀಯಾ" ಅಂದಿದ್ದರು. ಅವರದೂ ತಪ್ಪಲ್ಲ ಅಂತ ಈಗ ಅನ್ನಿಸುತ್ತದೆ, ಅವರಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಪ್ರತಿ ಜೂನ್‌ನಲ್ಲಿ ನಾನೇ ಒಂದು ಪುಟ ಬರೆದು ಎಲ್ಲ ಮೇಷ್ಟ್ರಿಗೂ ಮಿಸ್‌ಗಳಿಗೂ ಕೊಡತೊಡಗಿದೆ. ಒಂದೇ ಪುಟ, ಅದಕ್ಕಿಂತ ಉದ್ದವಾದರೆ ಯಾರೂ ಓದುವುದಿಲ್ಲ. ಅದರಲ್ಲಿದ್ದದ್ದು ಹೀಗೆ: ಇವನನ್ನು ಮುಂದಿನ ಬೆಂಚಿನಲ್ಲಿ, ಬಾಗಿಲಿನಿಂದ ದೂರ ಕೂರಿಸಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಬೋರ್ಡ್ ನೋಡಿ ಬರೆದುಕೊಳ್ಳುವುದು ನಿಧಾನ, ಪಕ್ಕದವರ ನೋಟ್ಸಿನ ಜೆರಾಕ್ಸ್ ನಾವು ಮಾಡಿಸಿಕೊಳ್ಳುತ್ತೇವೆ. ತಲೆ ಹಿಡಿದುಕೊಂಡರೆ ಹತ್ತು ನಿಮಿಷ ಲೈಬ್ರರಿಯಲ್ಲಿ ಕೂರಲು ಬಿಡಿ. ಉತ್ತರ ಗೊತ್ತಿರುತ್ತದೆ, ಹೇಳಲು ಹೊತ್ತು ಕೊಡಿ. ಕೊನೆಯಲ್ಲಿ ಒಂದು ಸಾಲು ಅವನೇ ಬರೆದ: "ನನಗೆ ಚೆಸ್ ಬರುತ್ತದೆ."

ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಜೊತೆಗಿರುವ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆ ಅಂತಲೇ ಬಿ.ಐ.ಇ.ಆರ್.ಟಿ. ಅನ್ನುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ತುಂಬ ಅಪ್ಪ ಅಮ್ಮಂದಿರಿಗೆ ಇದು ಗೊತ್ತೇ ಇಲ್ಲ. ಶಾಲೆಗೆ ಹೋಗಲು ಆಗದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಏರ್ಪಾಡಿನ ಬಗ್ಗೆಯೂ ಅವರನ್ನೇ ಕೇಳಬೇಕು. ಎಸ್ಸೆಸ್ಸೆಲ್ಸಿಗೆ ಹೆಚ್ಚು ಸಮಯ, ಬರೆದುಕೊಡುವವರ ಸಹಾಯ ಬೇಕಿದ್ದರೆ ಹತ್ತನೇ ಕ್ಲಾಸಿನ ಕೊನೆಗೆ ಓಡಾಡಬೇಡಿ, ಒಂಬತ್ತರಲ್ಲೇ ಹೆಡ್‌ಮಾಸ್ಟರ್ ಕಿವಿಗೆ ಹಾಕಿ. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಅನ್ನುವುದು ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿದೆ. ಆದರೆ ಬರೆದುಕೊಡುವವರ ಜೊತೆ ಮೊದಲೇ ನಾಲ್ಕೈದು ಸಲ ಅಭ್ಯಾಸ ಮಾಡಿಸಿ. ಉತ್ತರವನ್ನು ಬಾಯಲ್ಲಿ ಹೇಳಿ ಬರೆಸುವುದು ಬೇರೆಯದೇ ವಿದ್ಯೆ.

ಇನ್ನೊಂದು ವಿಷಯ, ಸಣ್ಣ ಮಕ್ಕಳ ಅಪ್ಪ ಅಮ್ಮಂದಿರಿಗೆ. ಐದು ವರ್ಷಕ್ಕೆ ಪೆಟ್ಟಾದ ಮಗು ಒಂದನೇ ಕ್ಲಾಸಿನಲ್ಲಿ ಚೆನ್ನಾಗೇ ಇರಬಹುದು, ಆರು ಏಳನೇ ಕ್ಲಾಸಿಗೆ ಬಂದಾಗ ಇದ್ದಕ್ಕಿದ್ದ ಹಾಗೆ ಹಿಂದೆ ಬೀಳಬಹುದು. ಹೊಸದಾಗಿ ಏನೋ ಆಯಿತು ಅಂತಲ್ಲ. ಯೋಚನೆ ಮಾಡಿ ಕೆಲಸ ಹೊಂದಿಸಿಕೊಳ್ಳುವ ಮೆದುಳಿನ ಮುಂಭಾಗ ಬಲಿಯುವುದೇ ನಿಧಾನ, ಸುಮಾರು 25 ವರ್ಷದ ತನಕ ಬಲಿಯುತ್ತಲೇ ಇರುತ್ತದೆ. ಆ ಭಾಗಕ್ಕೆ ಕೆಲಸ ಬಿದ್ದಾಗ ತೊಂದರೆ ಹೊರಗೆ ಬರುತ್ತದೆ. ಹಳೆ ಸ್ಕ್ಯಾನ್, ಹಳೆ ಡಿಸ್ಚಾರ್ಜ್ ಶೀಟ್ ಬಿಸಾಕಬೇಡಿ.

ಗೆಳೆಯರು

ಇದೇ ಎಲ್ಲಕ್ಕಿಂತ ಕಷ್ಟ. ಮೊದಲ ತಿಂಗಳು ಎಲ್ಲರೂ ಬಂದರು, ಸೇಬು, ಬಿಸ್ಕತ್ತು, ಹಾರ್ಲಿಕ್ಸ್. ಮೂರನೇ ತಿಂಗಳಿಗೆ ಒಬ್ಬನೂ ಇಲ್ಲ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಏನು ಮಾತಾಡಬೇಕು ಅಂತ ಗೊತ್ತಾಗುವುದಿಲ್ಲ, ಬಂದರೆ ಒಳಗೆ ಕೂರಿಸಿ ಅಮ್ಮ ಪಕ್ಕದಲ್ಲೇ ನಿಂತಿರುತ್ತಾಳೆ, ಯಾವ ಹುಡುಗ ಬರುತ್ತಾನೆ?

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಇಬ್ಬರು ಮಕ್ಕಳ ಡಾಕ್ಟರುಗಳು, ರೋಸೆನ್‌ಬಾಮ್ ಮತ್ತು ಗೋರ್ಟರ್, 2012ರಲ್ಲಿ ಬರೆದ ಒಂದು ಲೇಖನದಲ್ಲಿ ಇಂಥ ಮಕ್ಕಳಿಗೆ ಬೇಕಾದ ಆರು ವಿಷಯ ಹೇಳುತ್ತಾರೆ. ಕೆಲಸ, ಮನೆಯವರು, ಮೈಯ ಚಟುವಟಿಕೆ, ಖುಷಿ, ಗೆಳೆಯರು, ಮುಂದಿನ ದಿನಗಳು. ಖುಷಿ ಮತ್ತು ಗೆಳೆಯರನ್ನು ಡಾಕ್ಟರುಗಳೇ ಪಟ್ಟಿಗೆ ಹಾಕಿದ್ದಾರೆ ಅಂತ ಗೊತ್ತಾದ ಮೇಲೆ ನನಗೆ ಫಿಸಿಯೋ ಒಂದು ದಿನ ತಪ್ಪಿಸಿ ಕೇರಂ ಆಡಿಸಲು ಧೈರ್ಯ ಬಂತು.

ನಾವು ಮಾಡಿದ್ದು: ಒಬ್ಬರು, ಜಾಸ್ತಿ ಅಂದರೆ ಇಬ್ಬರು ಹುಡುಗರು. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹತ್ತು. ಮುಗಿಯುವ ಹೊತ್ತು ಮೊದಲೇ ಹೇಳಿಬಿಡುವುದು, ಯಾಕೆಂದರೆ ಅವನು ಸುಸ್ತಾಗಿ ಸಿಡುಕುವ ಮುಂಚೆ ಅವರು ಹೋಗಬೇಕು, ಚೆನ್ನಾಗಿತ್ತು ಅನ್ನುವ ನೆನಪಲ್ಲೇ ಹೋಗಬೇಕು. ಬಂದವರಿಗೆ ಒಂದು ಕೆಲಸ ಅಥವಾ ಆಟ ಇರಬೇಕು, ಬರೀ ಮಾತಿಗೆ ಕೂರಿಸಬಾರದು. ಹಲಸಿನ ಹಣ್ಣು ಬಿಡಿಸಿ ತಿನ್ನುವುದೂ ನಡೆಯುತ್ತದೆ. ನಾನು ಅಡುಗೆಮನೆಯಲ್ಲಿ. ಹುಡುಗರಿಗೆ ನಾನು ಒಂದೇ ಮಾತು ಹೇಳಿದ್ದು, "ಅವನಿಗೆ ಮರೆವು ಜಾಸ್ತಿ, ಹೇಳಿದ್ದೇ ಹೇಳಿದರೆ ಬೇಜಾರು ಮಾಡ್ಕೋಬೇಡಿ, ಆಗಲೇ ಹೇಳಿದೆ ಕಣೋ ಅನ್ನಿ."

ಕ್ರಿಕೆಟ್‌ನಲ್ಲಿ ಮಾತ್ರ ಎಡವಿದೆವು. "ನೀನು ಸ್ಕೋರ್ ಬರಿ" ಅಂತ ಕೂರಿಸಿದರು. ಒಳ್ಳೆ ಮನಸ್ಸಿನಿಂದಲೇ. ಆದರೆ ಪ್ರತಿ ಬಾಲಿಗೂ ಗಮನ ಇಟ್ಟು ನೆನಪಿಟ್ಟು ಕೂಡಿಸುವುದು ಅವನಿಗೆ ಆಗದ ಕೆಲಸ. ನಾಲ್ಕನೇ ಓವರಿಗೆ ಸ್ಕೋರ್ ತಪ್ಪಿ ದೊಡ್ಡ ಜಗಳ. ಆಟ ಆಡಲಾಗದವನಿಗೆ ಸ್ಕೋರು, ಅಂಪೈರು ಅನ್ನುವುದು ಸುಲಭದ ಕೆಲಸ ಅಂತ ನಾವಂದುಕೊಂಡದ್ದು ತಪ್ಪು. ಕೊನೆಗೆ ಅವರೇ ಒಂದು ನಿಯಮ ಮಾಡಿಕೊಂಡರು, ರಬ್ಬರ್ ಬಾಲು, ಇವನಿಗೆ ಕೆಳಗಿನಿಂದ ಎಸೆಯುವ ಬೌಲಿಂಗು, ಎರಡು ಓವರ್, ಆಮೇಲೆ ಇವನ ಬದಲು ಇನ್ನೊಬ್ಬ ಓಡುತ್ತಾನೆ. ನಾನು ಯೋಚಿಸಿದ್ದರೆ ಇಷ್ಟು ಚೆನ್ನಾಗಿ ಹೊಳೆಯುತ್ತಿರಲಿಲ್ಲ.

ಮನೆಯಲ್ಲಿ ತಂಗಿಯೋ ತಮ್ಮನೋ ಇದ್ದರೆ ಅವರನ್ನು ಕಾವಲಿಗೆ ಹಾಕಬೇಡಿ. ನಮ್ಮ ಮಗಳು ಒಂದು ದಿನ "ನನ್ನ ಫ್ರೆಂಡ್ಸ್ ಹತ್ರ ನಾನೊಬ್ಬಳೇ ಹೋಗಬಹುದಾ" ಅಂತ ಕೇಳಿದಳು. ಆಗ ಅವಳಿಗೆ 10 ವರ್ಷ. ಕೇಳಬೇಕಾದ ಪ್ರಶ್ನೆಯಾ ಅದು?

ಜಾತ್ರೆ, ಮೈಕು, ಸಿಟ್ಟು

ಹಾಸನಾಂಬೆ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಗ ಹಾಸನದಲ್ಲಿ ನಿಲ್ಲುವ ಸಾಲು ಗೊತ್ತಲ್ಲ. ನಾವು ಒಂದು ವರ್ಷ ಅವನನ್ನು ಆ ಸಾಲಿನಲ್ಲಿ ನಿಲ್ಲಿಸಿದೆವು. ಎರಡು ಗಂಟೆ ಕಳೆದ ಮೇಲೆ ಮುಂದಿದ್ದವರನ್ನು ತಳ್ಳಿ ಕೂಗಾಡಿಬಿಟ್ಟ. ನೋಡಿದವರು "ಏನು ಬೆಳೆಸಿದ್ದಾರೆ" ಅಂದರು. ಆ ಸಿಟ್ಟು ಕೆಟ್ಟ ಬುದ್ಧಿಯಿಂದ ಬಂದದ್ದಲ್ಲ. ಬ್ರೇಕ್ ಹಾಕುವ ಭಾಗಕ್ಕೇ ಪೆಟ್ಟಾಗಿದೆ, ಗದ್ದಲ, ಬಿಸಿಲು, ಹಸಿವು ಮೂರೂ ಸೇರಿದಾಗ ಬ್ರೇಕ್ ಹಿಡಿಯುವುದಿಲ್ಲ.

ಹಾಗಂತ ಜಾತ್ರೆಗೆ ಹೋಗುವುದು ಬಿಡಬೇಡಿ, ಹೋಗುವ ರೀತಿ ಬದಲಿಸಿ. ಬೆಳಿಗ್ಗೆ ಬೇಗ ಹೋಗಿ. ತೇರು ಎಳೆಯುವ ಹೊತ್ತಿಗೆ ಧ್ವನಿವರ್ಧಕದಿಂದ ದೂರ ಒಂದು ಜಗುಲಿ ನೋಡಿಟ್ಟುಕೊಳ್ಳಿ. ಸಾಕಾದರೆ ಹೇಳಲು ಒಂದು ಗುರುತು ಇರಲಿ, ನಮ್ಮವನು ಕಿವಿ ಮುಟ್ಟಿಕೊಳ್ಳುತ್ತಾನೆ. ಗುರುತು ಕೊಟ್ಟ ಕೂಡಲೇ ಹೊರಡಬೇಕು. "ಇನ್ನು ಐದು ನಿಮಿಷ, ಮಂಗಳಾರತಿ ಮುಗೀಲಿ" ಅಂದರೆ ಮುಂದಿನ ಸಲ ಅವನು ಗುರುತು ಕೊಡುವುದಿಲ್ಲ. ಸಿಟ್ಟು ಬಂದ ಹೊತ್ತಲ್ಲಿ ಬುದ್ಧಿ ಹೇಳಬೇಡಿ, ಜಾಗ ಬದಲಿಸಿ, ನೀರು ಕೊಡಿ. ಮಾತು ಮಾರನೇ ದಿನಕ್ಕೆ.

ಮಳೆಗಾಲಕ್ಕೂ ಮೊದಲೇ ಯೋಚಿಸಿಟ್ಟುಕೊಳ್ಳಿ. ಜೂನ್‌ನಿಂದ ಆಗಸ್ಟ್ ತನಕ ಮಲೆನಾಡಿನಲ್ಲಿ ಕರೆಂಟಿಲ್ಲ, ಹೊರಗೆ ಕಾಲಿಡಲು ಆಗುವುದಿಲ್ಲ, ಏಳು ವಾರದಲ್ಲಿ ಕಲಿತದ್ದು ಹಾಗೇ ತೊಳೆದುಹೋಗುತ್ತದೆ. ಆಗ ಮನೆಯೊಳಗಿನ ಕೆಲಸ ಅವನ ಹೆಸರಿಗೆ ಬರೆದುಬಿಡಿ. ಕಡುಬಿಗೆ ಉಂಡೆ ಕಟ್ಟುವುದು ಎರಡೂ ಕೈಗೆ ಕೆಲಸ ಕೊಡುತ್ತದೆ, ಥೆರಪಿ ಅಂತ ಹೇಳುವ ಅಗತ್ಯವೇ ಇಲ್ಲ.

ಎಲ್ಲಿ ಬೇಡ ಅನ್ನಬೇಕು

ಅವನಿಗೇ ಮಾಡಲು ಬಿಡಿ ಅಂತ ಇಷ್ಟೆಲ್ಲ ಹೇಳಿದೆ, ಕೆಲವು ಕಡೆ ಬಿಡಬಾರದು. ತಲೆಗೆ ದೊಡ್ಡ ಪೆಟ್ಟಾದವರಿಗೆ ತಿಂಗಳುಗಳ, ವರ್ಷಗಳ ನಂತರವೂ ಫಿಟ್ಸ್ ಬರಬಹುದು. ಆದ್ದರಿಂದ ಹೊಳೆ, ಕೆರೆ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಇವುಗಳ ಹತ್ತಿರ ಒಬ್ಬನೇ ಬೇಡ. ಕೃಷಿ ಹೊಂಡ ಈಜು ಬರುವವರಿಗೂ ಅಪಾಯ, ಜಾರುವ ಅಂಚಿನಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮರ ಹತ್ತುವುದು, ಏಣಿ, ಬೆಂಕಿ ಒಲೆಯ ಮುಂದೆ ಒಬ್ಬನೇ ಕೂರುವುದು ಬೇಡ. ಸೈಕಲ್, ಬೈಕಿನ ಹಿಂದೆ ಕೂರುವುದು ಡಾಕ್ಟರನ್ನು ಕೇಳಿ, ಹೆಲ್ಮೆಟ್ ಹಾಕಿ. ಆಡುವಾಗ ಮತ್ತೆ ತಲೆಗೆ ಪೆಟ್ಟು ಬಿದ್ದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು, ಸರಿ ಇದ್ದೀನಿ ಅಂದರೂ.

ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಶಾಲೆಗೂ, ಗೆಳೆಯರಿಗೂ, ಅಂಗಡಿಯವರಿಗೂ ಹೇಳಿಡಿ. ಒಂದು ಮಗ್ಗುಲಿಗೆ ಹೊರಳಿಸಬೇಕು, ತಲೆ ಕೆಳಗೆ ಮೆತ್ತಗೆ ಏನಾದರೂ ಇಡಬೇಕು, ಗಡಿಯಾರ ನೋಡಬೇಕು. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ಇಡುವುದು, ನೀರು ಕುಡಿಸುವುದು ಯಾವುದೂ ಬೇಡ. ಐದು ನಿಮಿಷ ದಾಟಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ 108. ಒಂದು ವರ್ಷ ಬರಲಿಲ್ಲ ಅಂತ ಮಾತ್ರೆ ನೀವೇ ನಿಲ್ಲಿಸಬೇಡಿ.

ಕಾಗದಪತ್ರ, ಬೇಗ ಬೇಗ

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. ಮೆದುಳಿನ ಪೆಟ್ಟು ಅಂತ ಅದರಲ್ಲಿ ಪ್ರತ್ಯೇಕ ಹೆಸರಿಲ್ಲ. ಪೆಟ್ಟಿನಿಂದ ಏನು ಉಳಿಯಿತೋ, ಕೈಕಾಲಿನದೋ ಮಾತಿನದೋ ಬುದ್ಧಿಯದೋ, ಅದರ ಮೇಲೆ ಸರ್ಟಿಫಿಕೇಟ್ ಆಗುತ್ತದೆ. ನೀವು ಕೌಂಟರಿನಲ್ಲಿ "ತಲೆಗೆ ಪೆಟ್ಟು" ಅಂತ ಮಾತ್ರ ಹೇಳಿದರೆ ಸುಮ್ನೆ ಅಲೆದಾಡಬೇಕಾಗುತ್ತದೆ. 40% ಅಥವಾ ಹೆಚ್ಚು ಬಂದರೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕಿದೆ. ಯು.ಡಿ.ಐ.ಡಿ. ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಸಹಾಯ ಮಾಡುತ್ತಾರೆ. ಕೆ.ಎಸ್.ಆರ್.ಟಿ.ಸಿ. ರಿಯಾಯಿತಿ ಪಾಸ್ ಮನೆಯಿಂದ 100 ಕಿ.ಮೀ. ತನಕ ನಡೆಯುತ್ತದೆ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಜೊತೆಗೆ ಹೋಗುವ ಅಮ್ಮನಿಗೆ 2023ರಿಂದ ಶಕ್ತಿ ಯೋಜನೆ ಇದ್ದೇ ಇದೆ.

ಥೆರಪಿಗೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ದೊಡ್ಡ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಅಂತ ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಯವರು ಓಡಾಡುತ್ತೇವೆ. ಹೋದಾಗ "ಕೈ ಸರಿಹೋಗುತ್ತಾ" ಅಂತ ಮಾತ್ರ ಕೇಳಬೇಡಿ. "ಇವನು ಕಣದಲ್ಲಿ ಕೆಲಸ ಮಾಡಬೇಕು ಅಂತಾನೆ, ಹೇಗೆ ಹಿಡಿದುಕೊಂಡರೆ ಆಗುತ್ತೆ" ಅಂತ ಕೇಳಿ. ಅವರ ಉತ್ತರದ ರೀತಿಯೇ ಬದಲಾಗುತ್ತದೆ. ಮೊಬೈಲಿನಲ್ಲಿ ಅವನು ಆ ಕೆಲಸ ಮಾಡುವ ವಿಡಿಯೋ ತೆಗೆದುಕೊಂಡು ಹೋಗಿ.

ಆ ನೋಟ್‌ಬುಕ್ ಮತ್ತೆ ತೆಗೆಯಿರಿ

ವರ್ಷಕ್ಕೆ ಎರಡು ಸಲ, ನಾವು ಯುಗಾದಿಗೆ ಮತ್ತು ದೀಪಾವಳಿಗೆ, ಅದೇ ಒಂದು ವಾರದ ಲೆಕ್ಕ ಮತ್ತೆ ಬರೆಯುತ್ತೇವೆ. ವಯಸ್ಸು ಏರಿದಂತೆ ಕೆಲಸಗಳೂ ಬದಲಾಗುತ್ತವೆ. 13ಕ್ಕೆ ಅಂಗಡಿ ಸಾಕಿತ್ತು, 17ಕ್ಕೆ ಸ್ವಂತ ಫೋನು, ಫೋನ್‌ಪೇ ಪಿನ್ನು, ಗಡ್ಡ ತೆಗೆದುಕೊಳ್ಳುವುದು, ಯಾರಿಗೋ ಮೆಸೇಜ್ ಮಾಡುವುದು. ಕೊನೆಯದರ ಬಗ್ಗೆ ನನ್ನನ್ನು ಕೇಳಬೇಡಿ, ಅವನ ಅಪ್ಪ ನೋಡಿಕೊಳ್ಳುತ್ತಿದ್ದಾರೆ.

ಈ ವರ್ಷದ ಕೆಲಸ ಅವನೇ ಆರಿಸಿದ್ದು: ಮೂಡಿಗೆರೆಯಿಂದ ಆಲ್ದೂರಿನ ಮೇಲೆ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಒಬ್ಬನೇ ಹೋಗುವುದು. ಮೊದಲು ನಾನು ಪಕ್ಕದ ಸೀಟು, ಆಮೇಲೆ ಹಿಂದಿನ ಸೀಟು, ಆಮೇಲೆ ಹಿಂದಿನ ಬಸ್ಸು. ಕಳೆದ ತಿಂಗಳು ಒಬ್ಬನೇ ಹೋದ. ಆಲ್ದೂರಿನಲ್ಲಿ ಬಸ್ ನಿಂತಾಗ ಚಿಕ್ಕಮಗಳೂರೇ ಬಂತು ಅಂದುಕೊಂಡು ಇಳಿದುಬಿಟ್ಟ. ಅಲ್ಲಿಂದ ಫೋನ್ ಮಾಡಿ "ಅಮ್ಮಾ, ಬೈಬೇಡ, ಮುಂದಿನ ಬಸ್ ಎಷ್ಟೊತ್ತಿಗೆ ಅಂತ ಕೇಳಿದ್ದೀನಿ, ಇಪ್ಪತ್ತು ನಿಮಿಷ ಅಂತೆ, ಅಲ್ಲೀತನಕ ಟೀ ಕುಡೀತೀನಿ" ಅಂದ. ನಾನು ಬಸ್‌ಸ್ಟ್ಯಾಂಡಿಗೆ ಹೊರಟವಳು ಚಪ್ಪಲಿ ಬಿಚ್ಚಿ ಒಳಗೆ ಬಂದೆ. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲಿಗೆ ಬರೆದದ್ದು: ಮನೆಯವರನ್ನು ಬಿಟ್ಟು ಮಾತಾಡಿದವರು, ಕಂಡಕ್ಟರ್, ಹೋಟೆಲಿನವರು, ಬಸ್ಸಿನ ಟೈಮ್ ಹೇಳಿದ ಯಾರೋ ಒಬ್ಬ ಅಜ್ಜ.